ಎಲೆಯ ಮೇಲೆ ಮೂಡಿದ ನನ್ನ ಹೆಬ್ಬೆರಳು

ತಂಬಾಕು ಬಿಟ್ಟೆನೆಂದು ಹೆಂಡತಿಗೆ ಆಣೆ ಮಾಡಿ ಎರಡು ವರ್ಷ ಕದ್ದು ತಿಂದೆ. ತಪ್ಪು ನನ್ನದೇ. ಆದರೆ ಅದು ಬಯಲಾದ ಬಗೆ ನೆನೆದರೆ ಇಂದಿಗೂ ನಗು ತಡೆಯಲಾಗುವುದಿಲ್ಲ.

ಸವಣೂರಿನ ಹತ್ತಿರ ನಮ್ಮದು ಎಲೆತೋಟ. ಧಾರವಾಡದಲ್ಲಿ ಸಂಶೋಧನೆ ಮಾಡುವ ಮೊಮ್ಮಗಳು ವೀಳ್ಯದೆಲೆಯ ಮೇಲೆ ಬದುಕುವ ಬ್ಯಾಕ್ಟೀರಿಯಾಗಳ ಬೆನ್ನು ಹತ್ತಿದ್ದಳು. ಅವಳ ಯಂತ್ರ ಎಲೆಯ ಮೈಯನ್ನು ಚುಕ್ಕಿ ಚುಕ್ಕಿಯಾಗಿ ತಡವಿ, ಪ್ರತಿ ಚುಕ್ಕಿಯಿಂದ ಎದ್ದ ಕಣಗಳನ್ನು ತೂಗಿ, ಯಾವ ವಸ್ತು ಎಲ್ಲಿದೆ ಎಂದು ಬಣ್ಣದ ಚಿತ್ರ ಬರೆಯುತ್ತದೆಯಂತೆ. ಮೆಟ್ರಿಕ್ ಓದಿದ ನನಗೆ ಅಷ್ಟು ತಿಳಿದದ್ದೇ ಹೆಚ್ಚು.

“ಅಜ್ಜಾ, ಎಲಿ ಕೈಲೆ ಮುಟ್ಟಬ್ಯಾಡ. ಚಿಮಟದ್ಲೆ ಹಿಡದು ಚೀಲದಾಗ ಹಾಕಿ ಕಳಸು” ಎಂದಿದ್ದಳು.

ಹೂಂ ಎಂದೆ. ಆದರೆ ಮನೆಯವರಿಗೆ ಎಲೆಯನ್ನು ಒರೆಸದೆ ಕೊಡುವುದು ನಮ್ಮಲ್ಲಿ ಇಲ್ಲವೇ ಇಲ್ಲ. ಆಗಷ್ಟೇ ಸುಣ್ಣ ಹಚ್ಚಿ ತಂಬಾಕು ತಿಕ್ಕಿದ್ದ ಹೆಬ್ಬೆರಳಿನಿಂದಲೇ ಒಂದೊಂದು ಎಲೆಯನ್ನೂ ಮೇಲಿಂದ ಕೆಳಗೆ ಸವರಿ, ಪ್ರೀತಿಯಿಂದ ಚೀಲಕ್ಕೆ ಹಾಕಿದೆ.

ಹದಿನೈದು ದಿನಕ್ಕೆ ಫೋನ್ ಬಂತು.

“ಅಜ್ಜಾ! ಎಲಿ ನಡುವ ನಿಕೋಟಿನ್ ಐತಿ! ತಂಬಾಕಿನ ಸತ್ವ! ವೀಳ್ಯದೆಲ್ಯಾಗ ಅದು ಇರೂದಿಲ್ಲ. ನನ್ನ ಬ್ಯಾಕ್ಟೀರಿಯಾನ ತಯಾರ ಮಾಡ್ಯಾವು ಅನಸಾಕತ್ತೇತಿ. ನಾಳೆ ಎಲ್ಲಾ ಪ್ರೊಫೆಸರ್‌ಗಳ ಮುಂದ ಹೇಳ್ತೇನಿ!”

ಚಿತ್ರವನ್ನೂ ಕಳಿಸಿದಳು. ಕಪ್ಪು ಎಲೆಯ ನಡುವೆ ಹಳದಿ ಪಟ್ಟೆ ಥಳಥಳ ಹೊಳೆಯುತ್ತಿತ್ತು, ಸರಿಯಾಗಿ ಹೆಬ್ಬೆರಳಿನಷ್ಟು ಅಗಲ. ಸುಮ್ಮನಿದ್ದರೆ ನಾನು ಬಚಾವು. ಆದರೆ ಮಗು ನಾಳೆ ಅಷ್ಟು ಜನರ ಮುಂದೆ ನಗೆಗೀಡಾಗುತ್ತಿದ್ದಳು.

“ಯವ್ವಾ, ಅದು ನಿನ್ನ ಹುಳದ್ದಲ್ಲ. ನಂದು.”

“ಏನು ನಿಂದು?”

“ತಂಬಾಕ.”

ಅವಳು ನಕ್ಕ ನಗೆಗೆ ಫೋನನ್ನು ಕಿವಿಯಿಂದ ದೂರ ಹಿಡಿಯಬೇಕಾಯಿತು.

“ಕಳ್ಳ ಅಜ್ಜಾ! ನನ್ನ ಪಿಎಚ್.ಡಿ. ನಿನ್ನ ಹೆಬ್ಬಟ್ಟಿನಾಗಿತ್ತಲ್ಲೋ! ಅಜ್ಜಿಗೆ ಈಗ ನೀನ ಹೇಳು. ಇಲ್ಲಾಂದ್ರ ಚಿತ್ರಾ ಕಳಸ್ತೇನಿ.”

ನಾನೂ ನಗುತ್ತಲೇ ಅಡುಗೆಮನೆಗೆ ಹೋದೆ. ರೊಟ್ಟಿ ಬಡಿಯುತ್ತಿದ್ದ ಹೆಂಡತಿಗೆ ಎಲ್ಲ ಒಪ್ಪಿಸಿ, ತಂಬಾಕಿನ ಪೊಟ್ಟಣ ಅವಳ ಕೈಗಿಟ್ಟೆ. ಅವಳು ಅದನ್ನು ಒಲೆಗೆ ಎಸೆದಳು.

“ಎರಡು ವರ್ಷ ನಿಮ್ಮ ಬಾಯಿ ವಾಸನಿ ಸಹಿಸೇನಿ. ಇಷ್ಟು ಹೇಳಾಕ ಯಂತ್ರಾ ಬೇಕಾತೇನ್ರಿ?”

ಮುಂದಿನ ವಾರ ಮೊಮ್ಮಗಳೇ ಬಂದು ಹೊಸ ಎಲೆ ಕೊಯ್ದಳು. ನಾನು ಬೇಲಿಯ ಹೊರಗೆ, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದೆ. ಹೆಂಡತಿ ಕಾವಲಿಗಿದ್ದಳು.