ಮುನಿರಾಮಯ್ಯನವರು ಬಿಟ್ಟ ಸ್ವರಗಳು

ಬೆಂಗಳೂರಿನ ಪಶ್ಚಿಮ ಬಡಾವಣೆಗಳಲ್ಲಿ ಮೌತ್ ಆರ್ಗನ್ ನುಡಿಸುವವರು ಮೊದಲೂ ಇದ್ದರು, ಈಗಲೂ ಇದ್ದಾರೆ. ಗಣೇಶನ ಪೆಂಡಾಲಿನಲ್ಲಿ ಸಿನಿಮಾ ಹಾಡು ನುಡಿಸಿ ಚಪ್ಪಾಳೆ ಗಿಟ್ಟಿಸಿದವರಿಗಂತೂ ಲೆಕ್ಕವಿಲ್ಲ. ಆದರೆ ಅಂಗೈಯಲ್ಲಿ ಅಡಗುವ ಹತ್ತು ತೂತಿನ ಆ ಪುಟ್ಟ ವಾದ್ಯದಲ್ಲಿ ಬ್ಲೂಸ್ ಎಂಬ ಪರದೇಶದ ಸಂಗೀತವನ್ನು, ಯಾವ ಶ್ರುತಿಯ ಹಾಡಿಗೆ ಯಾವ ವಾದ್ಯ, ಮೂಲಸ್ವರ ಎಲ್ಲಿ, ಒಟ್ಟಿಗೆ ನುಡಿಯುವ ಸ್ವರಗುಚ್ಛಗಳಾದ ಕಾರ್ಡ್‌ಗಳು ಎಲ್ಲೆಲ್ಲಿ ಎಂಬ ಕ್ರಮ ಹಿಡಿದು ಕನ್ನಡದಲ್ಲಿ ಕಲಿಸಿಕೊಟ್ಟವರು ನಾನು ಕಂಡಂತೆ ಒಬ್ಬರೇ, ಪೂಜ್ಯ ಶ್ರೀ ಮುನಿರಾಮಯ್ಯನವರು. ಕಳೆದ ತಿಂಗಳು ಕಾರ್ಖಾನೆಯ ಕೆಲಸದಿಂದ ನಿವೃತ್ತರಾದ ಅವರಿಗೆ ನಮ್ಮ ಮೌತ್ ಆರ್ಗನ್ ಬಳಗ ಅರ್ಪಿಸುತ್ತಿರುವ ಈ ಗ್ರಂಥಕ್ಕೆ ಲೇಖನ ಬೇಕೆಂದು ಕಾರ್ಯದರ್ಶಿ ಸುಬ್ರಮಣಿಯವರು ಕೇಳಿ ಎರಡು ತಿಂಗಳಾಯಿತು. "ಚೇತನಾ ಅವ್ರೇ, ನಾಕು ಒಳ್ಳೆ ಮಾತು ಬರ್ದುಕೊಡಿ, ಸಾಕು" ಎಂದಿದ್ದರು. ನಾಲ್ಕು ಸಲ ಬರೆದು ನಾಲ್ಕು ಸಲವೂ ಹರಿದು ಹಾಕಿದೆ. ಒಳ್ಳೆಯ ಮಾತಿಗೇನೂ ಬರವಿಲ್ಲ. ಅವುಗಳ ನಡುವೆ ಹೇಳಲೇಬೇಕಾದ ಒಂದು ಕೆಟ್ಟ ಮಾತಿದೆ, ಅದು ನನ್ನದು. ಅದು ಕೂತಲ್ಲಿ ಕೂರಲು ಬಿಡುತ್ತಿಲ್ಲ.

ಮೊದಲು ಕ್ರಮವಾಗಿ ಹೇಳಬೇಕಾದದ್ದನ್ನು ಹೇಳುತ್ತೇನೆ. ಹೇರೋಹಳ್ಳಿಯ ಬೇಸಾಯದ ಮನೆತನದಲ್ಲಿ ಹುಟ್ಟಿದ ಮುನಿರಾಮಯ್ಯನವರು ೧೯೮೭ರಲ್ಲಿ ರಾಜಾಜಿನಗರದ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಗೆ ಸೇರಿ, ಅಳತೆ ತಪಾಸಣೆಯ ವಿಭಾಗದಲ್ಲಿ ಮೂವತ್ತೆಂಟು ವರ್ಷ ದುಡಿದರು. ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಬಿಡಿಭಾಗವನ್ನು ವಾಪಸ್ಸು ಕಳಿಸುತ್ತಿದ್ದ ಆ ಕಣ್ಣು, ಆ ಕಿವಿ, ತೊಂಬತ್ತರ ದಶಕದಲ್ಲಿ ಫುಟ್‌ಪಾತಿನಲ್ಲಿ ಕೊಂಡ ಒಂದು ಹಳೆಯ ಕ್ಯಾಸೆಟ್ಟಿನ ಮೇಲೆ ಬಿತ್ತು. ಅದರಲ್ಲಿ ಯಾರೋ ಬ್ಲೂಸ್ ನುಡಿಸುತ್ತಿದ್ದರು. ತಾವು ಎಷ್ಟು ಊದಿದರೂ ಆ ನಾದ ಬರಲೊಲ್ಲದು. ಹೀಗೇ ಒಂದು ವರ್ಷ ತಲೆ ಚಚ್ಚಿಕೊಂಡ ಮೇಲೆ, ಆ ಮನುಷ್ಯ ಊದುತ್ತಿಲ್ಲ, ಉಸಿರು ಒಳಗೆ ಎಳೆಯುತ್ತಿದ್ದಾನೆ ಎಂಬುದು ಅವರಿಗೆ ಹೊಳೆಯಿತಂತೆ. ಈ ವಾದ್ಯ ಒಂದೊಂದಕ್ಕೂ ಒಂದೊಂದೇ ಶ್ರುತಿ, ಪಾಶ್ಚಾತ್ಯರ ಕ್ರಮದಲ್ಲಿ ಎಯಿಂದ ಜಿವರೆಗೆ ಹೋಗಿ ಮತ್ತೆ ಎಗೆ ಸುತ್ತುವ ಹೆಸರು. ಸಿ ಶ್ರುತಿಯ ವಾದ್ಯವನ್ನು ಊದಿದರೆ ಸಿ. ಅದರ ಎರಡನೆಯ ತೂತಿನಲ್ಲಿ ಉಸಿರು ಎಳೆದರೆ ಜಿ. ಆ ಜಿಯನ್ನೇ ಮೂಲಸ್ವರ ಮಾಡಿಕೊಂಡರೆ ಬ್ಲೂಸಿನ ಬಾಗಿಲು ತೆರೆಯುತ್ತದೆ. ಅದನ್ನು ಅವರಿಗೆ ಯಾರೂ ಹೇಳಿಕೊಟ್ಟದ್ದಲ್ಲ.

೨೦೧೩ರಲ್ಲಿ ನಾನು ಬಸವೇಶ್ವರನಗರದ ಕ್ಲಿನಿಕ್ಕೊಂದರಲ್ಲಿ ರಕ್ತ ಪರೀಕ್ಷೆಯ ಕೆಲಸಕ್ಕಿದ್ದೆ. ಭಾನುವಾರ ಸ್ಕೂಟಿ ಹತ್ತಿ, ಹೇರೋಹಳ್ಳಿಯ ಗುಂಡಿಗಳಿಗೆಲ್ಲ ಶಾಪ ಹಾಕುತ್ತ, ಅವರ ತಾರಸಿಯ ತರಗತಿಗೆ ಹೋಗುತ್ತಿದ್ದೆ. ನನ್ನ ಡ್ಯೂಟಿ ಬದಲಾದಾಗಲೆಲ್ಲ ಸಾರ್ ಇಡೀ ತರಗತಿಯ ಹೊತ್ತನ್ನೇ ಬದಲಿಸುತ್ತಿದ್ದರು. ವಾದ್ಯದೊಳಗಿನ ನಾದದ ಪಟ್ಟಿ, ಅಂದರೆ ರೀಡು, ಕೆಟ್ಟರೆ ಕಾರ್ಖಾನೆಯಿಂದ ಬಂದವರು ಕಾಫಿಯನ್ನೂ ಕುಡಿಯದೆ ಅರ ಹಿಡಿದು ಕೂರುತ್ತಿದ್ದರು. ಅವರು ಕಲಿಸಿದ ಬೆರಳೆಣಿಕೆ ಇಂದಿಗೂ ನನ್ನ ಕೈ ಬಿಟ್ಟಿಲ್ಲ. ಹಾಡಿನ ಶ್ರುತಿಯನ್ನು ತೋರುಬೆರಳಿಗಿಟ್ಟು ನಾಲ್ಕು ಎಣಿಸಬೇಕು: ಜಿ, ಎ, ಬಿ, ಸಿ. ಕಿರುಬೆರಳಿಗೆ ಯಾವುದು ಬಂತೋ ಆ ವಾದ್ಯ ಎತ್ತಿಕೋ. ಹಾಡು ಡಿ ಆದರೆ ಜಿ ವಾದ್ಯ. ಹಾಡು ಎ ಆದರೆ ಡಿ ವಾದ್ಯ. ಎಫ್ ಒಂದು ಮಾತ್ರ ತಕರಾರಿನದು, ಅದಕ್ಕೆ ಈ ಎಣಿಕೆ ಸರಿಯಾಗಿ ಕೂರುವುದಿಲ್ಲ, ಅದನ್ನು ಕೊನೆಗೆ ಹೇಳಿಕೊಡುತ್ತಿದ್ದರು.

ಇನ್ನು ಕಾರ್ಡ್‌ಗಳು. ಮೊದಲ ನಾಲ್ಕು ತೂತುಗಳಲ್ಲಿ ಎಳೆದರೆ ಮನೆಯ ಕಾರ್ಡ್, ಅಂದರೆ ಮೂಲಸ್ವರದ್ದು, ಅಲ್ಲೇ ಊದಿದರೆ ಅದರಿಂದ ನಾಲ್ಕನೆಯ ಸ್ವರದ್ದು. ಐದನೆಯ ಸ್ವರದ್ದು ಮಾತ್ರ ಪೂರ್ತಿ ಇಲ್ಲ. ಅದರ ಮೂಲಸ್ವರ ಒಂದನೆಯ ತೂತಿನ ಎಳೆತದಲ್ಲಿದೆ, ನಾಲ್ಕನೆಯ ತೂತಿನ ಎಳೆತದಲ್ಲಿದೆ, ಅಷ್ಟೇ. "ಇರೋದು ಇಷ್ಟೇ ಕಣಮ್ಮ. ಇದ್ದಷ್ಟರಲ್ಲಿ ಮರ್ಯಾದೆಯಾಗಿ ನಿಲ್ಲು. ಇಲ್ದಿರೋ ಸ್ವರಕ್ಕೆ ಬಾಯಿ ಹಾಕೋದಕ್ಕಿಂತ ಸುಮ್ನಿರೋದು ಮೇಲು" ಎನ್ನುತ್ತಿದ್ದರು. ಇನ್ನೊಂದು ಮಾತನ್ನು ಪ್ರತಿ ಭಾನುವಾರ ತಪ್ಪದೆ ಹೇಳುತ್ತಿದ್ದರು: "ಹಾಡೋರು ಯಾವಾಗ ಶ್ರುತಿ ಬದಲಾಯಿಸ್ತಾರೋ ದೇವ್ರಿಗೂ ಗೊತ್ತಿಲ್ಲ. ಒಂದೇ ಇಟ್ಕೊಂಡು ಸ್ಟೇಜ್ ಹತ್ತಬೇಡಿ."

ನಾನು ಹತ್ತಿದೆ. ೨೦೧೬ರಲ್ಲಿ ವಿಜಯನಗರದ ಸಮುದಾಯ ಭವನದಲ್ಲಿ ಸ್ಪರ್ಧೆ. ಬಳಗದ ಶಶಿಕುಮಾರ್ ಜಿ ಶ್ರುತಿಯಲ್ಲಿ ಹಾಡುವುದು, ಸಾರ್ ಮುಂದೆ, ನಾನು ಹಿಂದೆ ಕಾರ್ಡ್ ಹಿಡಿಯುವುದು ಎಂದು ಗೊತ್ತಾಗಿತ್ತು. ಅದು ನನ್ನ ಮೊದಲ ವೇದಿಕೆ. "ಪೀಪಿ ಊದಕ್ಕೆ ವಾರವೆಲ್ಲ ಕಾಯ್ತಾಳೆ" ಎಂದು ಆಡಿಕೊಳ್ಳುತ್ತಿದ್ದ ನಮ್ಮಪ್ಪ ಚಿಕ್ಕಹನುಮಯ್ಯ ಮುಂದಿನ ಸಾಲಿನಲ್ಲಿ ಕೈಕಟ್ಟಿ ಕೂತಿದ್ದರು. ಹೊಸ ಪುಟಾಣಿ ಬ್ಯಾಗಿನಲ್ಲಿ ನನ್ನ ಮೂರೂ ವಾದ್ಯ ಹಿಡಿಸುವುದಿಲ್ಲವೆಂದು ನಾನು ಸಿ ಒಂದನ್ನೇ ತಂದಿದ್ದೆ. ಅಬ್ಬಾ, ಆ ನನ್ನ ಧಿಮಾಕೇ! ನಮ್ಮ ಸರದಿಗೆ ಐದು ನಿಮಿಷವಿದೆ ಎನ್ನುವಾಗ ಶಶಿಕುಮಾರನ ಗಂಟಲು ಪೂರ್ತಿ ಕಟ್ಟಿತು. ಅವನ ತಂಗಿ ಕವನಾ ಹಾಡುತ್ತೇನೆಂದಳು. ಅವಳ ಶ್ರುತಿ ಡಿ.

ನಾನು ಬೆರಳೆಣಿಸಿದೆ. ಡಿ, ಇ, ಎಫ್, ಜಿ. ಜಿ ವಾದ್ಯ ಮನೆಯ ಬೀರುವಿನಲ್ಲಿತ್ತು. ಸಾರ್ ನನ್ನ ಮುಖ ನೋಡಿದರು, ಕೈಯಲ್ಲಿದ್ದದ್ದನ್ನೂ ನೋಡಿದರು. ಒಂದು ಬೈಗುಳವಿಲ್ಲ. ಜೇಬಿನಿಂದ ತಮ್ಮ ಜಿ ತೆಗೆದು ನನಗಿತ್ತು, ನನ್ನ ಸಿ ತಾವು ಇಸಿದುಕೊಂಡರು. "ನೀನು ಮುಂದೆ ನಿಂತ್ಕೊ. ನಿಮ್ಮಪ್ಪ ಬಂದವ್ರೆ. ನಾನು ಹೆಂಗೋ ಮಾಡ್ಕೋತೀನಿ" ಎಂದರು.

ಹೆಂಗೋ ಎಂದರೆ ಹೇಗೆಂದು ಬಲ್ಲವರಿಗೆ ಗೊತ್ತು. ಸಿ ವಾದ್ಯದಲ್ಲಿ ಡಿ ಹಾಡು ನುಡಿಸಬೇಕಾದರೆ ಮೂಲಸ್ವರ ಎರಡನೆಯ ತೂತು ಬಿಟ್ಟು ಒಂದಕ್ಕೂ ನಾಲ್ಕಕ್ಕೂ ಹೋಗುತ್ತದೆ, ಐದನೆಯ ಕಾರ್ಡಿಗೆ ಜಾಗವೇ ಇರುವುದಿಲ್ಲ. ಸಾರ್ ನಾಲ್ಕನೆಯ ತೂತನ್ನು ಹಿಡಿದು ನಿಂತು, ಹೊಂದುವ ಸ್ವರವನ್ನಷ್ಟೇ ನುಡಿಸಿ, ಹೊಂದದ ಕಡೆಯಲ್ಲೆಲ್ಲ ವಾದ್ಯವನ್ನು ಬಾಯಿಂದ ಇಳಿಸಿದರು. ಒಂದೇ ಒಂದು ಅಪಸ್ವರ ಬರಲಿಲ್ಲ. ಆದರೆ ಸಭೆಗೆ ಕಂಡದ್ದು ನಡುನಡುವೆ ತಡವರಿಸಿ ನಿಲ್ಲುವ ಹಿರಿಯರು, ಎದುರಿಗೆ ನಿರಾಯಾಸವಾಗಿ ನುಡಿಸುವ ಹುಡುಗಿ. ತೀರ್ಪುಗಾರರು ಮೈಕಿನಲ್ಲೇ ಹೇಳಿದರು, "ಹಿರಿಯರು ದಾರಿ ತಪ್ಪಿದರು, ಶಿಷ್ಯೆ ಕೈಹಿಡಿದು ದಡ ಸೇರಿಸಿದಳು." ನನಗೆ ಫಲಕ ಬಂತು. ಅಪ್ಪ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹುಟ್ಟಿದಾಗಿನಿಂದ ನನಗಾಗಿ ಅವರು ತಟ್ಟಿದ್ದು ಅದೊಂದೇ ಸಲ. ನಾನು ಬಾಯಿಗೆ ಬೀಗ ಹಾಕಿಕೊಂಡೆ.

ಮುಂದಿನ ತಿಂಗಳ ಬಳಗದ ಸಭೆಯಲ್ಲಿ, ಸಾರ್ ಇನ್ನು ಕಲಿಸಲಿ, ವೇದಿಕೆ ಕಿರಿಯರಿಗಿರಲಿ ಎಂಬ ಮಾತು ಬಂತು. ಬಹಳ ಗೌರವದಿಂದಲೇ ಬಂತು. ಸಾರ್ ನನ್ನ ಕಡೆ ತಿರುಗಿಯೂ ನೋಡದೆ, "ಆಗ್ಲಿ ಬಿಡಿ, ಕಲಿಸೋದೇ ನಂಗಿಷ್ಟ" ಎಂದರು. ನಾನು ನೆಲ ನೋಡುತ್ತ ಕೂತಿದ್ದೆ. ಇದೇ ಗ್ರಂಥದ ಇನ್ನೊಂದು ಲೇಖನದಲ್ಲಿ ಸಾರ್ ಬಗ್ಗೆ ಯಾರೋ "ವಯೋಸಹಜವಾಗಿ ವೇದಿಕೆಯಿಂದ ಹಿಂದೆ ಸರಿದರು" ಎಂದು ಬರೆದಿರುವುದನ್ನು ಕರಡಿನಲ್ಲಿ ಓದಿದೆ. ಆಗ ಅವರಿಗೆ ಐವತ್ತೊಂದು! ಅದೂ ಒಂದು ವಯಸ್ಸೇ? ಅವರು ಸರಿಯಲಿಲ್ಲ, ಸರಿಸಿದೆವು, ಅದಕ್ಕೆ ಕಾರಣ ನಾನು.

ಒಪ್ಪಿಕೊಳ್ಳಲು ಹೋಗಲಿಲ್ಲವೆಂದಲ್ಲ. ಅಪ್ಪ ತೀರಿಕೊಂಡ ವರ್ಷ ಸಾರ್ ಮನೆಗೆ ಹೋಗಿ, ಪತ್ನಿ ಕಲ್ಯಾಣಮ್ಮನವರು ಕೊಟ್ಟ ಕಾಫಿ ಆರುವವರೆಗೂ ಕೂತು, ಕೊನೆಗೆ "ಸಾರ್, ಅವತ್ತು ವಿಜಯನಗರದಲ್ಲಿ" ಎಂದು ಶುರುಮಾಡಿದೆ. "ಗೊತ್ತಿರೋದ್ನ ಯಾಕೆ ಹೇಳ್ತೀಯ? ನಿನ್ನ ಮೂರನೇ ತೂತು ಗೊರಗೊರ ಅಂತೈತೆ, ಕೊಡಿಲ್ಲಿ" ಎಂದು ವಾದ್ಯ ಬಿಚ್ಚಿ ಕೂತರು. ಕ್ಷಮಿಸಿಬಿಟ್ಟರು ಎಂದು ಹಗುರಾಗಬಹುದಿತ್ತು. ಆಗಲಿಲ್ಲ. ಅವರಿಗೆ ಗೊತ್ತಿದ್ದರೆ ಸಾಲದು, ಅಂದು ಆ ಸಭೆಯಲ್ಲಿದ್ದವರಿಗೂ ಗೊತ್ತಾಗಬೇಕು. ಒಂಬತ್ತು ವರ್ಷ ನುಂಗಿದ್ದನ್ನು ಅವರ ಅಪ್ಪಣೆ ಇಲ್ಲದೆಯೇ ಇಲ್ಲಿ ಬರೆದಿದ್ದೇನೆ. ಸುಬ್ರಮಣಿಯವರೇ, ನೀವು ಕತ್ತರಿ ಹಾಕಿದರೆ ಸಮಾರಂಭದ ದಿನ ಮೈಕಿನಲ್ಲೇ ಹೇಳುತ್ತೇನೆ, ಆಮೇಲೆ ನನ್ನನ್ನು ಬೈಯಬೇಡಿ.

ಸಾರ್, ನಿಮಗೂ ಕಲ್ಯಾಣಮ್ಮನವರಿಗೂ ಆಯುಸ್ಸು ಗಟ್ಟಿಯಾಗಿರಲಿ, ನಿಮ್ಮ ಉಸಿರು ಒಳಗೂ ಹೊರಗೂ ಸರಾಗವಾಗಿ ಆಡುತ್ತಿರಲಿ, ಭಾನುವಾರದ ತಾರಸಿ ಎಂದೂ ಖಾಲಿಯಾಗದಿರಲಿ. ಇದು ಹಾರೈಕೆ. ಇನ್ನೊಂದು ಬೇಡಿಕೆ. ಸನ್ಮಾನದ ದಿನ ಕವನಾ ಅದೇ ಹಾಡನ್ನು ಹಾಡಲು ಒಪ್ಪಿದ್ದಾಳೆ, ಅದೇ ಡಿ ಶ್ರುತಿಯಲ್ಲಿ. ಜಿ ವಾದ್ಯ ನಿಮ್ಮ ಕುರ್ಚಿಯ ಮೇಲಿರುತ್ತದೆ. ನೀವು ಮುಂದೆ ನಿಲ್ಲಿ. ಸಿ ಹಿಡಿದು ನಾನು ಹಿಂದೆ ನಿಂತಿರುತ್ತೇನೆ, ನನ್ನಲ್ಲಿಲ್ಲದ ಸ್ವರ ಬಂದಾಗ ವಾದ್ಯ ಇಳಿಸುತ್ತೇನೆ. ಯಾರು ಏನೆಂದುಕೊಂಡರೂ ಸರಿ.