ಕ್ಲಾರಿಯೊನೆಟ್ ಮಾವನ ಬಲಗಿವಿ

ಮಾವನ ಬಲಗಿವಿಯಲ್ಲಿ ಸದಾ ಒಂದು ಹತ್ತಿಯ ಉಂಡೆ ಇರುತ್ತಿತ್ತು. ಕೊಬ್ಬರಿ ಎಣ್ಣೆಯಲ್ಲಿ ಅದ್ದಿ ಹಿಂಡಿದ ಹತ್ತಿ. ಎಣ್ಣೆ ಕಿವಿಯ ಹಾಲೆಗೆ ಇಳಿದು, ಅಲ್ಲಿಂದ ಕತ್ತಿಗೆ ಇಳಿದು, ಅಂಗಿಯ ಕಾಲರಿನ ಆ ಒಂದು ಬದಿ ಯಾವಾಗಲೂ ಕಪ್ಪಾಗಿರುತ್ತಿತ್ತು. ಎಡಗಿವಿಗೆ ಏನೂ ಇಲ್ಲ. ಯಾಕೆ ಮಾವ ಅಂತ ಕೇಳಿದರೆ, "ಅದು ಕೆಟ್ಟು ಎಷ್ಟು ಕಾಲ ಆಯ್ತೋ! ಖಾಲಿ ಮನೆಗೆ ಯಾರಾದ್ರೂ ಬೀಗ ಹಾಕ್ತಾರೇನೋ?" ಎಂದು ನಗುತ್ತಿದ್ದರು. ಕ್ಲಾರಿಯೊನೆಟ್ ಊದಲು ನಿಂತಾಗ ಮಾತ್ರ ಬಲಗಿವಿಯ ಹತ್ತಿ ತೆಗೆದು ಜೇಬಿಗೆ ಹಾಕಿಕೊಳ್ಳುವರು. ಡ್ರಮ್ಮಿನವನು ಅವರ ಎಡಕ್ಕೇ ನಿಲ್ಲಬೇಕು, ಟ್ರಂಪೆಟ್ಟಿನವನು ಬಲಕ್ಕೆ. ಹೊಸಬ ಯಾರಾದರೂ ಅದಲುಬದಲು ನಿಂತರೆ ಮದುವೆ ಮನೆಯಲ್ಲೇ ಬೈಗುಳ ಬೀಳುತ್ತಿತ್ತು.

ಭದ್ರಾವತಿಯ ಕಾಗದನಗರದಲ್ಲಿ ನಮ್ಮ ಕ್ವಾರ್ಟರ್ಸಿಗೂ ಅವರ ಕ್ವಾರ್ಟರ್ಸಿಗೂ ಒಂದೇ ಗೋಡೆ. ರಕ್ತಸಂಬಂಧ ಏನೂ ಇರಲಿಲ್ಲ. ಅಮ್ಮ ಅವರನ್ನು ಅಣ್ಣ ಎನ್ನುತ್ತಿದ್ದಳು, ಹಾಗಾಗಿ ಅವರು ನನಗೆ ಮಾವ, ಅವರ ಹೆಂಡತಿ ಅತ್ತೆ. ಹಗಲು ಫ್ಯಾಕ್ಟರಿ ಕೆಲಸ, ಉಳಿದ ಹೊತ್ತೆಲ್ಲ ಬ್ಯಾಂಡ್‌ಸೆಟ್. ಕಾಲೊನಿಯ ಯಾವ ಮದುವೆಗೂ ಯಾವ ಮೆರವಣಿಗೆಗೂ ಅವರದೇ ಕ್ಲಾರಿಯೊನೆಟ್ ಮುಂದೆ.

ಆದರೆ ಸಂಗೀತಕ್ಕಿಂತ ಮೊದಲು ಅವರಿಗೆ ಹತ್ತಿದ ಹುಚ್ಚು ಹೊಳೆಯದು. ಆಷಾಢದಲ್ಲಿ ಭದ್ರೆ ಕೆಂಪಗೆ ಉಬ್ಬಿ ಬಂದಾಗ, ಲಾರಿಯ ಎರಡು ಟ್ಯೂಬಿಗೆ ಗಾಳಿ ತುಂಬಿ, ಮೇಲೊಂದು ಹಲಗೆ ಬಿಗಿದು, ಅದರ ಮೇಲೆ ನಿಂತು ಸೇತುವೆಯ ತನಕ ಬರುತ್ತಿದ್ದರಂತೆ. ಕೂತಲ್ಲ, ನಿಂತು! ಸೇತುವೆಯ ತುಂಬ ಜನ, ಶಿಳ್ಳೆ. ನಾನು ಕಣ್ಣಾರೆ ಕಂಡಿಲ್ಲ, ನಮ್ಮಪ್ಪ ಕಂಡಿದ್ದರು. ಒಂದು ಭಾನುವಾರ ನಮ್ಮ ಮನೆಯ ಟೀವಿಯಲ್ಲಿ ಯಾವುದೋ ದೇಶದವರು ಸಮುದ್ರದ ಅಲೆಯ ಮೇಲೆ ಹಲಗೆ ಹಾಕಿಕೊಂಡು ಜಾರಿ ಬರುವುದನ್ನು ತೋರಿಸಿದರು. ಮಾವ ಕಾಫಿ ಲೋಟ ಹಿಡಿದವರು ಎದ್ದೇ ನಿಂತರು.

"ಏ ಬಾರೇ ಇಲ್ಲಿ, ನನ್ನ ಹಲಗೆ ಎಲ್ಲಿಗೆ ಹೋಗಿದೆ ನೋಡು!"

"ಹೋಗಿದ್ದು ಒಳ್ಳೇದಾಯ್ತು, ಅಲ್ಲೇ ಇರ್ಲಿ" ಎಂದರು ಅತ್ತೆ, ಅಡುಗೆಮನೆಯಲ್ಲಿ ಅಮ್ಮನ ಪಕ್ಕ ಕೂತು ಹುರುಳಿಕಾಯಿ ನಾರು ತೆಗೆಯುತ್ತಿದ್ದವರು ತಲೆ ಎತ್ತದೆ.

ಆ ಹಲಗೆಯನ್ನು ಬಿಡಿಸಿದ್ದು ಅತ್ತೆಯೇ. ಮದುವೆಯಾದ ವರ್ಷ, ಹೊಳೆಯೋ ನಾನೋ ತೀರ್ಮಾನ ಮಾಡಿ ಅಂದರಂತೆ. ಮಾವ ಹಲಗೆಯನ್ನು ಸೌದೆಗೆ ಹಾಕಿ, ಹಳೇ ಊರಿನಲ್ಲಿದ್ದ ಒಬ್ಬ ತಮಿಳು ಮೇಷ್ಟ್ರ ಹತ್ತಿರ ಕ್ಲಾರಿಯೊನೆಟ್ ಕಲಿಯಲು ಹೋದರು. ಈಜುಗಾರನ ಉಸಿರಲ್ಲವೇ, ಬೇಗ ಒಲಿಯಿತು. ಒಂದು ಸ್ವರ ಹಿಡಿದರೆ ನಾವು ಮಕ್ಕಳು ಇಪ್ಪತ್ತು ಎಣಿಸಿದರೂ ಬಿಡುತ್ತಿರಲಿಲ್ಲ, ಕೊನೆಗೆ ಅತ್ತೆಯೇ ಬಂದು "ಸಾಕು ಬಿಡಿ, ಎದೆ ಒಡೆದೀತು" ಎಂದು ಕೈಯಿಂದ ಕಿತ್ತುಕೊಳ್ಳಬೇಕು.

ಹಲಗೆ ಬಿಟ್ಟರೂ ಹೊಳೆ ಬಿಡಲಿಲ್ಲ. ಹೊಳೆಗೆ ಊರು ಏನೇನು ಎಸೆಯುತ್ತದೆ ಅಂತ ಅವರಷ್ಟು ತಿಳಿದವರು ಇರಲಿಲ್ಲ. ಗಾಜು ಒಡೆದ ದೇವರ ಪಟ, ಸತ್ತವರ ಹಾಸಿಗೆ, ಸ್ನಾನ ಮಾಡಿ ಬಿಟ್ಟುಹೋದ ಬಟ್ಟೆ, ಪ್ಲಾಸ್ಟಿಕ್ ಹೂವಿನ ಹಾರ. ರಜೆಯ ದಿನ ಸೊಂಟದ ತನಕ ನೀರಿಗಿಳಿದು ಅದನ್ನೆಲ್ಲ ಎಳೆದು ದಡಕ್ಕೆ ಹಾಕುವರು. ಚರಂಡಿ ಬಂದು ಸೇರುವ ಕಡೆ ನಿಂತೇ ಹೆಚ್ಚು ಕೆಲಸ. ಅಲ್ಲೇ ಎಡಗಿವಿ ಸೋರಲು ಶುರುವಾಗಿದ್ದು. ಮನೆಮದ್ದು ಅಂತ ವರ್ಷ ಕಳೆದರು, ಕಿವಿಯೇ ಹೋಯಿತು. ಆಮೇಲೆ ಬಲಗಿವಿಗೂ ತಗುಲಿಕೊಂಡಾಗ ಅತ್ತೆ ಹೊಡೆದು ಬಡಿದು ಶಿವಮೊಗ್ಗದ ಕಿವಿ ಡಾಕ್ಟರ ಹತ್ತಿರ ಕರೆದೊಯ್ದರು. ಕಿವಿಯ ತಮಟೆಯಲ್ಲಿ ತೂತಾಗಿದೆ, ಇನ್ನೊಂದು ಸಲ ಹೊಳೆ ನೀರು ಒಳಗೆ ಹೋದರೆ ಇದೂ ಹೋಗುತ್ತೆ, ಆಮೇಲೆ ಬ್ಯಾಂಡೂ ಇಲ್ಲ ಬಾಜಾನೂ ಇಲ್ಲ ಅಂದರಂತೆ ಡಾಕ್ಟರು. ಆವತ್ತಿನಿಂದ ಹತ್ತಿ ಬಂತು. ತಲೆಗೆ ನೀರು ಹಾಕಿಕೊಳ್ಳುವುದೂ ಅತ್ತೆಯ ಕಾವಲಿನಲ್ಲೇ. ಈ ವಿಷಯ ನಮ್ಮ ಸಾಲಿನ ಎಲ್ಲ ಮನೆಗೂ ಗೊತ್ತಿತ್ತು. ನನಗಂತೂ ಚೆನ್ನಾಗಿಯೇ ಗೊತ್ತಿತ್ತು.

ನೀರಿಗಿಳಿಯುವುದು ನಿಂತ ಮೇಲೆ ಮಾವ ಬಾಯಿಂದ ಹೊಳೆಯ ಕೆಲಸ ಶುರು ಮಾಡಿದರು. ಬ್ಯಾಂಡನ್ನು ನಡುವೆ ನಿಲ್ಲಿಸಿ, ತಾವೇ ಕಟ್ಟಿದ ಪದ ಹೇಳುವರು: "ಹೊಳೆಯೆಂದರೆ ಹಿತ್ತಿಲ ಬಚ್ಚಲಲ್ಲ, ತಾಯಿಯ ಸೆರಗು, ಕೈ ಒರೆಸಬ್ಯಾಡ." ಮದುವೆಗೆ ಬಂದವರು ಇದೆಂಥ ಪದವಪ್ಪ ಅಂತ ಮುಖ ಮುಖ ನೋಡಿಕೊಳ್ಳುತ್ತಿದ್ದರು. ಗಣಪತಿಯ ಕಾಲದಲ್ಲಿ ಅವರದೊಂದು ಪದ್ಧತಿ ಇತ್ತು. ಮೆರವಣಿಗೆಗೆ ಕರೆದವರ ಪೆಂಡಾಲಿಗೆ ಹೋಗಿ, ಕೈ ಮುಗಿದು, ಗಣಪತಿಯ ಬೆನ್ನಿಗೆ ಹೆಬ್ಬೆರಳು ಒದ್ದೆ ಮಾಡಿ ಉಜ್ಜಿ ನೋಡುವರು. ಬೆರಳಿಗೆ ಮಣ್ಣು ಹತ್ತಿದರೆ, "ಆಯ್ತು, ಬರ್ತೀವಿ." ಹತ್ತದಿದ್ದರೆ, "ಇದು ಕರಗಲ್ಲಪ್ಪ. ಬೇರೆ ಸೆಟ್ ನೋಡ್ಕೊಳ್ಳಿ." ದೇವರನ್ನು ಪರೀಕ್ಷೆ ಮಾಡ್ತಾನೆ, ಇವನೆಂಥ ದೊಡ್ಡ ಮನುಷ್ಯ ಅಂತ ಜನ ಆಡಿಕೊಂಡರು. ಸೆಟ್ಟಿನವರೂ ಗೊಣಗಿದರು. ಮಾವ ಜಗ್ಗಲಿಲ್ಲ.

ನಾನು ಡಿಗ್ರಿ ಎರಡನೇ ವರ್ಷದಲ್ಲಿದ್ದಾಗ ನಮ್ಮ ಯುವಕ ಸಂಘಕ್ಕೆ ಕಾರ್ಯದರ್ಶಿಯಾದೆ. ತೊಂಬತ್ತರ ದಶಕದ ಕೊನೆ ಅದು. ಮಂಗನ ಕೈಗೆ ಮಾಣಿಕ್ಯ ಕೊಟ್ಟ ಹಾಗೆ ನನ್ನ ಕೈಗೆ ಸಂಘದ ರಬ್ಬರ್ ಸ್ಟಾಂಪು ಕೊಟ್ಟರು. ಹಿಂದಿನ ಬೀದಿಯವರ ಗಣಪತಿ ಎಂಟಡಿ ಅಂತ ಕೇಳಿ ನನಗೆ ನಿದ್ದೆ ಹತ್ತಲಿಲ್ಲ. ಶಿವಮೊಗ್ಗದಿಂದ ಲಾರಿಯಲ್ಲಿ ಹತ್ತಡಿಯ ಗಣಪತಿ ತರಿಸಿದೆ. ಪ್ಲಾಸ್ಟರಿನದು, ಕಿರೀಟಕ್ಕೆ ಚಿನ್ನದ ಬಣ್ಣ. ಮಾವ ಬಂದು ಹೆಬ್ಬೆರಳಲ್ಲಿ ಉಜ್ಜಿದರು. ಬೆರಳು ನೋಡಿಕೊಂಡು, ನನ್ನ ಮುಖ ನೋಡಿದರು.

"ಕಾರ್ಯದರ್ಶಿಗಳೇ, ನೀನೂ ಇಷ್ಟೇನಾ ಮಾರಾಯ?"

"ಕಾಲಕ್ಕೆ ತಕ್ಕ ಹಾಗೆ ಇರ್ಬೇಕು ಮಾವ. ನೀವು ಊದದಿದ್ರೆ ಬೇರೆ ಸೆಟ್ ಸಿಗಲ್ವಾ?"

ಹುಡುಗರೆಲ್ಲ ಇದ್ದರು, ಅವರೆದುರು ದೊಡ್ಡಸ್ತಿಕೆ. ಮಾವ ಹೆಬ್ಬೆರಳು ಒರೆಸಿಕೊಂಡು ಹೊರಟುಹೋದರು. ಬೇರೆ ಸೆಟ್ಟು ಸಿಕ್ಕಿತು, ಗಲಾಟೆ ಜೋರಾಗಿತ್ತು, ಸಂಜೆ ತೆಪ್ಪದಲ್ಲಿ ಒಯ್ದು ಹೊಳೆಯ ನಡುವೆ ತಳ್ಳಿ, ಬೋಲೋ ಗಣಪತಿ ಅಂತ ಕೂಗಿ ಮನೆಗೆ ಬಂದೆವು.

ಬೆಳಿಗ್ಗೆ ಎದ್ದರೆ ಊರೆಲ್ಲ ದಡದಲ್ಲಿ. ಆ ವರ್ಷ ನೀರು ಕಡಿಮೆ. ಗಣಪತಿ ಮುಳುಗದೆ, ಹೊಳೆಯ ನಡುವಿನ ಬಂಡೆಯ ಸಂದಿಗೆ ಸಿಕ್ಕಿಕೊಂಡು ಎದೆಮಟ್ಟ ಮೇಲೆ ನಿಂತಿತ್ತು. ಸೊಂಡಿಲು ಮುರಿದಿತ್ತು, ಒಂದು ಕೈ ಇರಲಿಲ್ಲ, ಕಿರೀಟ ಮಾತ್ರ ಥಳಥಳ ಹೊಳೆಯುತ್ತಿತ್ತು. ಮಡಿಯಲ್ಲಿ ಬಂದ ಹೆಂಗಸರು ಅಯ್ಯೋ ಅಯ್ಯೋ ಅಂತ ಕೆನ್ನೆ ಬಡಿದುಕೊಂಡರು. "ಭಿನ್ನ ಆದ ದೇವರು ಕಣ್ಣಿಗೆ ಬಿದ್ದರೆ ಕಾಲೊನಿಗೇ ಕೇಡು. ಯಾವನೋ ತಂದೋನು?" ಎಂದು ಒಬ್ಬ ಹಿರಿಯರು ಗದರಿದರು. ಎಲ್ಲರೂ ನಮ್ಮಪ್ಪನ ಕಡೆ ನೋಡಿದರು. ಅಪ್ಪ ನನ್ನ ಹತ್ತಿರ ಬಂದು, ಮೆಲ್ಲಗೆ, "ಅದು ಅಲ್ಲಿಂದ ಏಳೋ ತನಕ ಮನೆ ಹೊಸ್ತಿಲು ತುಳೀಬೇಡ" ಎಂದರು. ಬಂಡೆಯ ಸುತ್ತ ಸುಳಿ, ತೆಪ್ಪ ಹತ್ತಿರ ಹೋಗುವಂತಿರಲಿಲ್ಲ. ಅಲ್ಲಿಗೆ ಹೋಗಿ ಬರುವ ದಾರಿ ಊರಿನಲ್ಲಿ ಒಬ್ಬರಿಗೇ ಗೊತ್ತಿತ್ತು.

ನಾನು ಮಾವನ ಮನೆ ಕಡೆ ಓಡಿದೆ. ಅತ್ತೆಗೆ ಗೊತ್ತಾದರೆ ಬಿಡುವುದಿಲ್ಲ ಎಂದು ನನಗೆ ಖಂಡಿತ ಗೊತ್ತಿತ್ತು, ಅದಕ್ಕೇ ಮೂಲೆಯಲ್ಲಿ ನಿಂತು ಕಾದೆ. ಅವರು ಚೀಲ ಹಿಡಿದು ರೇಷನ್ ಅಂಗಡಿಗೆ ಹೋದದ್ದು ನೋಡಿಕೊಂಡು ಒಳಗೆ ನುಗ್ಗಿದೆ. ಮಾವ ಕ್ಲಾರಿಯೊನೆಟ್ಟಿನ ತುಂಡುಗಳನ್ನು ಬಿಚ್ಚಿ ಒರೆಸುತ್ತಿದ್ದರು. ನಾನು ಅತ್ತುಬಿಟ್ಟೆ. ಅಳು ಸುಳ್ಳಲ್ಲ, ಆದರೆ ಅತ್ತರೆ ಅವರು ಬರುತ್ತಾರೆ ಅನ್ನುವುದೂ ನನಗೆ ತಿಳಿದಿತ್ತು. ಅವರು ಬಲಗಿವಿ ನನ್ನ ಕಡೆಗೆ ತಿರುಗಿಸಿ ಎಲ್ಲ ಕೇಳಿದರು.

"ನಿಮ್ಮತ್ತೆ ಬರೋಕೆ ಎಷ್ಟು ಹೊತ್ತಾಗುತ್ತೆ?"

"ಕ್ಯೂ ಉದ್ದ ಇದೆ ಮಾವ."

"ಹಂಗಾದ್ರೆ ಹೊಸ ಹತ್ತಿ ತಾ. ಎಣ್ಣೆ ಆ ಗೂಡಲ್ಲಿದೆ."

ಬಲಗಿವಿಗೆ ಹತ್ತಿ ತುರುಕಿದ್ದು ನಾನೇ, ಈ ಕೈಯಿಂದ. "ಇನ್ನೂ ಒತ್ತು, ಇನ್ನೂ" ಎನ್ನುತ್ತಿದ್ದರು. ನೋವಾದೀತು ಅಂತ ನಾನು ಹೆಚ್ಚು ಒತ್ತಲಿಲ್ಲ.

ಹಗ್ಗದ ತುದಿ ಸೊಂಟಕ್ಕೆ ಕಟ್ಟಿಕೊಂಡು, ತಲೆ ಮೇಲೆತ್ತಿಯೇ ಈಜಿ ಬಂಡೆ ಮುಟ್ಟಿದರು. ಹಗ್ಗ ಸುತ್ತಿದರು, ನಾವು ಎಳೆದೆವು, ಗಣಪತಿ ಜಪ್ಪಯ್ಯ ಅನ್ನಲಿಲ್ಲ. ಕೆಳಗೆ ಪೀಠ ಸಿಕ್ಕಿಕೊಂಡಿತ್ತು. ಮಾವ ಒಂದು ಸಲ ದಡದ ಕಡೆ ನೋಡಿದರು. ನಾನು ಅಲ್ಲಿಂದಲೇ ಕೈ ಮುಗಿದೆ. ಆಗ ಅವರು ಮುಳುಗಿದರು. ಮೂರು ಸಲ ಮುಳುಗಿ ಎದ್ದರು. ಮೂರನೆಯ ಸಲಕ್ಕೆ ಪೀಠ ಬಿಟ್ಟುಕೊಂಡಿತು, ನಾವೆಲ್ಲ ಕೂಗುತ್ತಾ ಎಳೆದು ದಡಕ್ಕೆ ತಂದು, ಗುಂಡಿ ತೋಡಿ, ಮಣ್ಣು ಮುಚ್ಚಿದೆವು. ಮಾವ ಪಕ್ಕದಲ್ಲಿ ತಲೆ ವಾಲಿಸಿಕೊಂಡು, ಒಂಟಿಕಾಲಿನಲ್ಲಿ ಕುಪ್ಪಳಿಸುತ್ತಾ, ಅಂಗೈಯಿಂದ ಕಿವಿ ಬಡಿದುಕೊಳ್ಳುತ್ತಿದ್ದರು. ಕಿವಿಯಲ್ಲಿ ಹತ್ತಿ ಇರಲಿಲ್ಲ. ಅವರು ಕುಪ್ಪಳಿಸುವುದನ್ನು ನೋಡಿ ಹುಡುಗರು ನಕ್ಕರು, ನಾನೂ ನಕ್ಕೆ.

ಅತ್ತೆ ಚೀಲ ಅಲ್ಲೇ ಎಲ್ಲೋ ಬಿಟ್ಟು ಓಡಿ ಬಂದರು. "ಯಾರು ಕರೆದಿದ್ದು? ಯಾರು ಕರೆದಿದ್ದು ಇವರನ್ನ?" ಮಾವ ಟವೆಲ್ಲು ತಲೆಗೆ ಸುತ್ತುತ್ತಾ, "ಯಾರೂ ಕರೀಲಿಲ್ಲ ಕಣೇ. ನಾನೇ ಹೋದೆ. ಅಷ್ಟು ದೊಡ್ಡ ಕಸ ಹೊಳೇಲಿ ನಿಂತಿರೋದು ನೋಡೋಕಾಗ್ಲಿಲ್ಲ" ಎಂದರು. ಅತ್ತೆ ನನ್ನ ಕಡೆ ತಿರುಗಿದರು. "ನೀನು ಇಲ್ಲೇ ಇದ್ಯಲ್ಲೋ, ನೀನಾದ್ರೂ ತಡೀಬಾರ್ದಾ?" ನಾನು ಹಗ್ಗ ಸುತ್ತತೊಡಗಿದೆ.

ಮೂರನೇ ದಿನಕ್ಕೆ ಮಾವನಿಗೆ ಜ್ವರ, ಕಿವಿಯ ಹಿಂದೆ ಬಾವು. ಶಿವಮೊಗ್ಗದ ಆಸ್ಪತ್ರೆ, ಆಪರೇಷನ್ನು, ಮತ್ತೆ ಆಸ್ಪತ್ರೆ. ಕಾಲೇಜು ಬಿಟ್ಟು ದಿನಾ ಬಸ್ಸಿನಲ್ಲಿ ಗಂಜಿ ಫ್ಲಾಸ್ಕು ಹೊತ್ತೆ. ಊರೆಲ್ಲ ನನ್ನನ್ನು ಹೊಗಳಿತು. ಜೀವ ಉಳಿಯಿತು, ಕಿವಿ ಉಳಿಯಲಿಲ್ಲ.

ಮನೆಗೆ ಬಂದ ಹದಿನೈದು ದಿನಕ್ಕೆ ಮಾವ ಪೆಟ್ಟಿಗೆ ತೆಗೆದು ಕ್ಲಾರಿಯೊನೆಟ್ ಜೋಡಿಸಿದರು. ನಾನೂ ಅತ್ತೆಯೂ ಎದುರಿಗೆ ಕೂತಿದ್ದೆವು. ಊದಿದರು. ಮೊದಲು ಸರಿ ಇತ್ತು, ಬೆರಳಿಗೆ ಅಭ್ಯಾಸವಿತ್ತಲ್ಲ. ಮೇಲಿನ ಸ್ವರಕ್ಕೆ ಹೋದಾಗ ಅದು ಕಿರುಚಿತು, ಅವರಿಗೆ ತಿಳಿಯಲಿಲ್ಲ, ಹಾಗೇ ಹಿಡಿದುಕೊಂಡು ನಿಂತರು. ಆಮೇಲೆ ಅತ್ತೆಯ ಮುಖ ನೋಡಿದರು. ಅತ್ತೆ ನಗಲು ನೋಡುತ್ತಿದ್ದರು, ಪಾಪ, ಆಗಲಿಲ್ಲ. ಮಾವ ನಿಲ್ಲಿಸಿದರು.

"ಶ್ರುತಿ ಸೇರ್ತಿಲ್ಲ, ಅಲ್ವಾ?" ಎಂದರು.

ತುಂಡು ತುಂಡಾಗಿ ಬಿಚ್ಚಿ, ಒಂದೊಂದನ್ನೂ ಒರೆಸಿ ಪೆಟ್ಟಿಗೆಯಲ್ಲಿಟ್ಟರು. ಮರುದಿನ ಟ್ರಂಪೆಟ್ಟಿನವನನ್ನು ಕರೆಸಿ ಪೆಟ್ಟಿಗೆಯನ್ನು ಅವನ ಕೈಗೆ ಕೊಟ್ಟರು.

ಆಮೇಲಿನ ವರ್ಷಗಳಲ್ಲಿ ನಮ್ಮ ಸಂಘ ಮಣ್ಣಿನ ಗಣಪತಿಯನ್ನೇ ತಂದಿತು, ಹಿಂದಿನ ಬೀದಿಯವರೂ ತಂದರು. ಮಾವ ಬಂದು ಹೆಬ್ಬೆರಳಲ್ಲಿ ಉಜ್ಜಿ, ಬೆರಳನ್ನು ಎಲ್ಲರಿಗೂ ತೋರಿಸಿ ನಗುತ್ತಿದ್ದರು. ಎಂದೂ ಒಂದು ಚುಚ್ಚುಮಾತು ಆಡಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಕೆಲಸ ಸಿಕ್ಕಿ ನಾನು ಶಿವಮೊಗ್ಗಕ್ಕೆ ಹೊರಡುವ ಮುನ್ನ ಅವರ ಹಿತ್ತಿಲ ಕಲ್ಲಿನ ಮೇಲೆ ಪಕ್ಕದಲ್ಲಿ ಕೂತು ಎಲ್ಲ ಹೇಳಿದೆ. ತಪ್ಪಾಯ್ತು ಮಾವ, ನಿಮ್ಮ ಕಿವಿ ಕಿತ್ತುಕೊಂಡವನು ನಾನೇ ಎಂದೆ. ಕೇಳಿಸಬಹುದಾದ ಕಾಲದಲ್ಲಿ ಹೇಳಲಿಲ್ಲ, ಕೇಳಿಸದ ಕಾಲಕ್ಕೆ ಧೈರ್ಯ ಬಂತು ನೋಡಿ, ನನ್ನಂಥ ಹೇಡಿ ಇನ್ನೊಬ್ಬನಿಲ್ಲ. ಅವರು ನನ್ನ ತುಟಿಯನ್ನೇ ನೋಡುತ್ತಿದ್ದರು. ಕೊನೆಗೆ ಬಾಗಿಲ ಕಡೆ ಕಣ್ಸನ್ನೆ ಮಾಡಿ ಪಿಸುಗುಟ್ಟಿದರು:

"ಮೆಲ್ಲಗೆ ಹೇಳೋ ಮಾರಾಯ. ನಿಮ್ಮತ್ತೆ ಕಿವಿ ಭಾಳ ಚುರುಕು."

ಕೆಲವು ವರ್ಷದ ಮೇಲೆ ಒಂದು ಮಧ್ಯಾಹ್ನ ಮಾವ ಊಟ ಮುಗಿಸಿ ಕೈ ತೊಳೆಯಲು ಎದ್ದವರು ಅಲ್ಲೇ ಕುಸಿದರಂತೆ. ನಾನು ಹೋಗುವ ಹೊತ್ತಿಗೆ ಹೊರಗೆ ಹಳೆಯ ಸೆಟ್ಟಿನವರೆಲ್ಲ ಯೂನಿಫಾರ್ಮಿನಲ್ಲಿ ನಿಂತಿದ್ದರು. ಊದಲು ಯಾರಿಗೂ ಬಾಯಿ ಬರಲಿಲ್ಲ, ಡ್ರಮ್ಮು ಮಾತ್ರ ಬಾರಿಸಿಕೊಂಡು ಹೋದರು.

ಅತ್ತೆ ಈಗ ಶಿವಮೊಗ್ಗದ ಗೋಪಾಳದಲ್ಲಿ ಮಗಳ ಮನೆಯಲ್ಲಿದ್ದಾರೆ. ನನಗೆ ಅಲ್ಲಿಗೆ ಹತ್ತು ನಿಮಿಷದ ದಾರಿ. ಹೋದಾಗಲೆಲ್ಲ ಕಾಫಿ ಕೊಟ್ಟು, ಮೊಮ್ಮಕ್ಕಳನ್ನು ಕರೆದು, "ಸ್ವಂತ ಮಗನೂ ಹಿಂಗೆ ಮಾಡಲ್ಲ, ನಿಮ್ಮಜ್ಜಂಗೆ ದಿನಾ ಗಂಜಿ ಹೊತ್ಕೊಂಡು ಬರ್ತಿದ್ದ" ಎಂದು ಹೇಳುತ್ತಾರೆ. ಹೋದ ತಿಂಗಳೂ ಹೇಳಿದರು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, "ಯಾರ ಮಾತೂ ಕೇಳೋರಲ್ಲ ಅವರು. ಹೊಳೆ ಕರೀತು, ಎದ್ದು ಹೋದ್ರು" ಎಂದರು. ನಾನು ಲೋಟ ಕೆಳಗಿಟ್ಟೆ. ಹೋಗಿ ಬರ್ತೀನಿ ಅತ್ತೆ ಅಂದು ಎದ್ದು ಬಂದೆ. ಅವರಿಗೀಗ ಅಕ್ಷರ ಕಾಣುವುದಿಲ್ಲ, ಈ ಬರಹವನ್ನು ಈ ಭಾನುವಾರ ನಾನೇ ಕೂತು ಓದಿ ಹೇಳಬೇಕು. ಓದುವಾಗ ಈ ಒಂದು ಸಾಲನ್ನು ಬಿಡಬಾರದು ಎಂದು ಕೊನೆಯಲ್ಲಿ ಬರೆದಿಟ್ಟುಕೊಂಡಿದ್ದೇನೆ: ಅವರನ್ನು ಹೊಳೆ ಕರೆಯಲಿಲ್ಲ ಅತ್ತೆ, ನೀವು ರೇಷನ್‌ಗೆ ಹೋಗುವುದನ್ನೇ ಕಾದಿದ್ದು ಒಳಗೆ ಬಂದು ನಾನು ಕರೆದೆ.