ಹಾಡಿನ ಉರುಳೆಗೆ ನಾನು ಹೊಡೆದ ಮೊಳೆ

ಎದ್ದು ನಿಂತ ಮೊಳೆ ಕಂಡರೆ ನನಗೆ ಆಗುವುದಿಲ್ಲ. ಬಸ್ಸಿನ ಸೀಟಿನದ್ದಾಗಲಿ, ಯಾರದೋ ಮನೆಯ ಬಾಗಿಲಿನದ್ದಾಗಲಿ, ನೋಡಿದ ಕೂಡಲೇ ಕೈ ತುರಿಸುತ್ತದೆ. ಎದ್ದ ಮೊಳೆ ಬಿಟ್ಟು ಬಂದವನು ಬಡಗಿಯೇ ಅಲ್ಲ ಎಂದು ಅಪ್ಪ ತಲೆಗೆ ಮೊಟಕಿ ಮೊಟಕಿ ಕಲಿಸಿದ್ದರು. ಆ ಕಲಿಕೆ ಕತಾರಿನಲ್ಲಿ ನನ್ನನ್ನು ಎಂಥ ಪೇಚಿಗೆ ಸಿಕ್ಕಿಸಿತೆಂದರೆ, ಈಗ ನೆನೆದರೆ ಒಬ್ಬನೇ ಕೂತು ನಗುತ್ತೇನೆ. ಆಗ ನಗು ಬಂದಿರಲಿಲ್ಲ, ಬಿಡಿ.

ತೊಂಬತ್ತರ ದಶಕದ ಮಾತು. ಉಮ್ಮ್ ಸಲಾಲ್ ಕಡೆಯ ಒಂದು ಮರದ ವರ್ಕ್‌ಶಾಪಿನಲ್ಲಿ ಬಾಗಿಲು, ಕಪಾಟು ಮಾಡಿಕೊಂಡಿದ್ದೆ. ನನ್ನ ಪಕ್ಕದ ರೂಮಿನಲ್ಲಿ ಮಂಗಳೂರಿನ ಕೊಂಕಣಿ ಕ್ರೈಸ್ತರೊಬ್ಬರಿದ್ದರು. ವಾರವಿಡೀ ಆಫೀಸಿನಲ್ಲಿ ಟೈಪಿಂಗ್, ಶುಕ್ರವಾರ ಪ್ರಾರ್ಥನೆಯಲ್ಲಿ ಎಲ್ಲರಿಂದ ಹಾಡಿಸುವ ಕೆಲಸ. ಹಾಗಾಗಿ ನಮಗೆಲ್ಲ ಅವರು ಮಾಸ್ಟ್ರು. ಆಗ ದೋಹಾದಲ್ಲಿ ಚರ್ಚಿನ ಕಟ್ಟಡ ಇರಲಿಲ್ಲ. ಮದೀನತ್ ಖಲೀಫಾದ ಒಂದು ವಿಲ್ಲಾದ ಹಾಲೇ ಅವರ ಇಗರ್ಜಿ. ರಜೆ ಶುಕ್ರವಾರವಾದ್ದರಿಂದ ಭಾನುವಾರದ ಪೂಜೆಯೂ ಶುಕ್ರವಾರವೇ ನಡೆಯುತ್ತಿತ್ತು.

ಆ ವಿಲ್ಲಾದಲ್ಲಿದ್ದವರು ಒಬ್ಬ ಇಂಗ್ಲಿಷ್ ಇಂಜಿನಿಯರ್, ವಯಸ್ಸಾದವರು. ಅವರ ಹಾಲಿನ ಮೂಲೆಯಲ್ಲಿ ಕಪಾಟಿನಷ್ಟು ಎತ್ತರದ ಒಂದು ಆರ್ಗನ್ ಇತ್ತು. ಅವರ ಹಳ್ಳಿಯ ಚರ್ಚಿನಲ್ಲಿ ನೂರಕ್ಕೂ ಹೆಚ್ಚು ವರ್ಷ ಹಾಡಿದ ಪೆಟ್ಟಿಗೆಯಂತೆ. ಹೊಸತು ಬಂದಾಗ ಇದನ್ನು ಹೊರಗೆ ಹಾಕಿದರು. ಈ ಅಜ್ಜ ಹೊತ್ತು ತಂದರು. ಅದು ಬಾಯಿ ಮುಚ್ಚಿ ವರ್ಷಗಳೇ ಆಗಿದ್ದವು. ಅಜ್ಜ ಕೆಲಸ ಬಿಟ್ಟು ಊರಿಗೆ ಹೊರಟಿದ್ದರು. ಹೋಗುವ ಮೊದಲಿನ ಕೊನೆಯ ಶುಕ್ರವಾರ, ತಮ್ಮ ತಾಯಿ ಹಾಡುತ್ತಿದ್ದ ಒಂದು ಸ್ತುತಿಯನ್ನು ಅದರ ಜೊತೆ ಹಾಡಬೇಕೆಂಬುದು ಅವರ ಒಂದೇ ಆಸೆ.

"ಆಚಾರ್ರೇ, ಆರ್ಗನ್ನಿಗೆ ಗಾಳಿ ಊದುವ ತಿದಿ ಹರಿದುಹೋಗಿದೆ. ಸ್ವಲ್ಪ ಚರ್ಮ ಹಾಕಿ ಕೊಡ್ತೀರಾ?" ಎಂದರು ಮಾಸ್ಟ್ರು.

"ಮಾಫಿ ಮುಶ್ಕಿಲ್ ಮಾಸ್ಟ್ರೇ, ಏನೂ ತೊಂದರೆ ಇಲ್ಲ," ಎಂದೆ ನಾನು, ದೊಡ್ಡ ಜನದ ಹಾಗೆ.

ತಿದಿಯ ಕೆಲಸ ಎರಡು ಮಧ್ಯಾಹ್ನದಲ್ಲಿ ಮುಗಿಯಿತು. ಆಡಿನ ಚರ್ಮ ಅಂಟಿಸಿ ಒತ್ತಿ ನೋಡಿದರೆ ಒಂದು ಚೂರು ಗಾಳಿ ಸೋರಲಿಲ್ಲ. ಸುಮ್ಮನೆ ಎದ್ದು ಬರಬಹುದಿತ್ತು. ಒಳಗೆ ಒಂದು ಮರದ ಉರುಳೆ ಧೂಳು ಹಿಡಿದು ಕೂತಿತ್ತು. ಒರೆಸೋಣವೆಂದು ಹೊರಗೆ ತೆಗೆದೆ. ಅಯ್ಯೋ ದೇವರೇ! ಮೈತುಂಬ ಹಿತ್ತಾಳೆ ಮೊಳೆಗಳು, ಒಂದನ್ನೂ ಪೂರ್ತಿ ಹೊಡೆದಿಲ್ಲ. ಯಾವ ಸೋಮಾರಿ ಮಾಡಿದ ಕೆಲಸವೋ ಎಂದು ಬೈದುಕೊಂಡು ಸುತ್ತಿಗೆ ತೆಗೆದೆ. ಒಂದು ಗೇಣು ಜಾಗದ ಮೊಳೆಗಳನ್ನು ಮಟ್ಟಸವಾಗಿ ಬಡಿದು, ಅಂಗೈ ಸವರಿ ನೋಡಿ, ಭೇಷ್ ಎಂದು ನನಗೆ ನಾನೇ ಹೇಳಿಕೊಂಡೆ.

ಅಷ್ಟರಲ್ಲಿ ಮಾಸ್ಟ್ರು ಚಹಾದ ಫ್ಲಾಸ್ಕ್ ಹಿಡಿದು ಬಂದರು. ನೋಡಿದವರು ಅಲ್ಲೇ ಕುಸಿದು ಕೂತರು.

"ಎಂತ ಮಾಡಿದ್ರಿ ಮಾರಾಯ್ರೇ! ಅದು ಮೊಳೆ ಅಲ್ಲ, ಹಾಡು!"

ಆಮೇಲೆ ಬಿಡಿಸಿ ಹೇಳಿದರು. ಈ ಆರ್ಗನ್ನಿಗೆ ನುಡಿಸುವವರು ಬೇಡ. ಹಿಡಿ ತಿರುಗಿಸಿದರೆ ಉರುಳೆ ಸುತ್ತುತ್ತದೆ, ಪ್ರತಿಯೊಂದು ಮೊಳೆಯೂ ತನ್ನ ಸರದಿ ಬಂದಾಗ ಒಂದು ಸನ್ನೆಕೋಲನ್ನು ಎತ್ತುತ್ತದೆ, ಆಗ ಒಂದು ಕೊಳವೆ ಕೂಗುತ್ತದೆ. ಮೊಳೆ ಒಳಗೆ ಹೋಯಿತೋ, ಆ ಸ್ವರ ಖಲಾಸ್. ಸತ್ತ ತಾಯಿಯ ಹಾಡಿಗೇ ಸುತ್ತಿಗೆ ಹಾಕಿದೆನಲ್ಲ! ಅಪ್ಪನ ಮೇಲೂ ಸಿಟ್ಟು ಬಂತು, ಪಾಪ.

"ಅಜ್ಜನಿಗೆ ಹೇಳ್ಬೇಡಿ ಮಾಸ್ಟ್ರೇ, ನಿಮ್ಮ ದಮ್ಮಯ್ಯ."

"ಹೇಳುದಿಲ್ಲ. ಆದ್ರೆ ಶುಕ್ರವಾರಕ್ಕೆ ನಾಲ್ಕೇ ದಿನ ಉಂಟು. ಯಲ್ಲಾ, ಶುರು ಮಾಡಿ!"

ದಿನಾ ಮಧ್ಯಾಹ್ನ ವರ್ಕ್‌ಶಾಪಿನವರೆಲ್ಲ ಮಲಗಿರುವಾಗ ನಾನು ಆ ಹಾಲಿನಲ್ಲಿ ಬೋರಲು ಬಿದ್ದಿರುತ್ತಿದ್ದೆ. ಮೊಳೆಯ ಸುತ್ತ ಉಳಿಯ ತುದಿಯಿಂದ ಒಂದಿಷ್ಟೇ ಮರ ಕೆರೆದು, ಸಪೂರ ಇಕ್ಕಳದಿಂದ ಎಳೆಯುವುದು. ರಟ್ಟಿನ ತುಂಡು ಹಿಡಿದು ಉಳಿದವುಗಳ ಎತ್ತರಕ್ಕೆ ಸರಿಮಾಡುವುದು. ಮಟ್ಟಸವಾಗಿ ಕಂಡದ್ದನ್ನೆಲ್ಲ ಎಳೆದೆ. ಒಂದು ಮಾತ್ರ ಬಹಳ ಹಟ ಮಾಡಿತು. ಅದರ ತಲೆಯ ಮೇಲೆ ಹಳೆಯ ಪಾಲಿಶ್ ಗಟ್ಟಿ ಕೂತಿತ್ತು. ಬೆವರು ಒರೆಸಿಕೊಂಡು ಅದನ್ನೂ ಎಬ್ಬಿಸಿದೆ.

ಶುಕ್ರವಾರ ಬಂತು. ಹಾಲು ತುಂಬ ಜನ. ಹಿಡಿ ತಿರುಗಿಸಲು ನನ್ನನ್ನೇ ನಿಲ್ಲಿಸಿದರು. ಸ್ತುತಿ ಶುರುವಾಯಿತು, ಕೊಳವೆಗಳು ಒಂದೂ ತಪ್ಪದೆ ಕೂಗಿದವು, ಮಾಸ್ಟ್ರು ನನ್ನತ್ತ ಕಣ್ಣು ಮಿಟುಕಿಸಿದರು. ಆದರೆ ಎರಡನೇ ಸಾಲಿನಲ್ಲಿ ಅಜ್ಜ ತಟ್ಟನೆ ತಡವರಿಸಿದರು. ಮುಂದಿನ ಚರಣದಲ್ಲೂ ಅದೇ ಜಾಗ. ಮೂರನೆಯದರಲ್ಲೂ ಅಷ್ಟೇ. ಆಮೇಲೆ ಅವರು ಹಾಡುವುದನ್ನೇ ನಿಲ್ಲಿಸಿ ಪೆಟ್ಟಿಗೆಯನ್ನು ನೋಡುತ್ತ ನಿಂತರು. ನಾನು ಹಿಡಿ ಬಿಡದೆ ತಿರುಗಿಸುತ್ತಲೇ ಇದ್ದೆ.

ಎಲ್ಲರೂ ಹೋದ ಮೇಲೆ ನನ್ನಿಂದ ತಡೆಯಲಾಗಲಿಲ್ಲ. ಅಜ್ಜನ ಎದುರು ನಿಂತು ಎಲ್ಲವನ್ನೂ ಒಪ್ಪಿಕೊಂಡೆ; ಮಾಸ್ಟ್ರು ಇಂಗ್ಲಿಷಿಗೆ ತಿರುಗಿಸಿದರು. ಅಜ್ಜ ಹಿಡಿಯನ್ನು ಮೆಲ್ಲಗೆ ತಿರುಗಿಸಿ, ಆ ಜಾಗದಲ್ಲಿ ನಿಲ್ಲಿಸಿ, ಒಳಗೆ ಬಗ್ಗಿ ಮೊಳೆಯನ್ನು ಹುಡುಕಿದರು. ಹಟ ಮಾಡಿದ್ದ ಆ ಹಳೆಯ ಪಾಲಿಶಿನ ಮೊಳೆ! ಅಜ್ಜ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು.

ಅವರ ಹಳ್ಳಿಯಲ್ಲಿ ಆ ಸ್ವರವನ್ನು ಯಾರೂ ಕೇಳಿಯೇ ಇರಲಿಲ್ಲವಂತೆ. ಆ ಜಾಗದಲ್ಲಿ ಆರ್ಗನ್ ಸುಮ್ಮನಾಗುತ್ತಿತ್ತು, ಇಡೀ ಊರೇ ಅಲ್ಲಿ ಉಸಿರು ತೆಗೆದುಕೊಳ್ಳುತ್ತಿತ್ತು. ಹಾಡೇ ಹಾಗೆ ಎಂದುಕೊಂಡಿದ್ದರು. ಹಾಗಾದರೆ ನನಗಿಂತ ಎಷ್ಟೋ ಮೊದಲು, ಎದ್ದ ಮೊಳೆ ಕಂಡರೆ ಆಗದ ಒಬ್ಬ ಬಡಗಿ ಅಲ್ಲಿಯೂ ಇದ್ದ! ನನಗಾದ ಖುಷಿ ಅಷ್ಟಿಷ್ಟಲ್ಲ.

"ಸುತ್ತಿಗೆ ತರ್ಲಿಕ್ಕೆ ಹೇಳ್ತಿದ್ದಾರೆ," ಎಂದರು ಮಾಸ್ಟ್ರು. "ಸ್ವರ ಈಗ್ಲೇ ಸರಿ ಉಂಟು ಅಂದೆ, ಕೇಳುದಿಲ್ಲ. ಅವರ ಅಮ್ಮ ಅಲ್ಲಿ ಉಸಿರು ತೆಗೀತಿದ್ರಂತೆ."

ಸುತ್ತಿಗೆ ತಂದೆ. ಒಂದೇ ಏಟು, ಮೆತ್ತಗೆ.

ಮತ್ತೆ ಹಿಡಿ ತಿರುಗಿಸಿದೆ. ಖಾಲಿ ಹಾಲಿನಲ್ಲಿ ಅಜ್ಜ ಕಣ್ಣು ಮುಚ್ಚಿ ಹಾಡಿದರು. ಎರಡನೇ ಸಾಲು ಬಂತು, ಪೆಟ್ಟಿಗೆ ಸುಮ್ಮನಾಯಿತು, ಅಜ್ಜ ಉಸಿರು ತೆಗೆದುಕೊಂಡರು. ತಿರುಗಿಸುತ್ತಿದ್ದ ನಾನೂ ತೆಗೆದುಕೊಂಡೆ.